ಮರೆಯುವ ಕೊಳವೆಗೆ ನೆನಪು ಕಲಿಸಿದ ವಿಲಿಯಮ್ಸ್

ಡಿಡಿಆರ್5 ಈಗಷ್ಟೇ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಮಾಮೂಲಿ ಆಗ್ತಿದೆ, ಅಷ್ಟರಲ್ಲೇ ಡಿಡಿಆರ್6 ಬರುತ್ತಂತೆ ಅನ್ನೋ ಮಾತು ಶುರುವಾಗಿದೆ. ಇನ್ನೂ ವೇಗದ ಮೆಮೊರಿಗಾಗಿ ಕಾಯೋದು ಹೊಸದೇನಲ್ಲ. ಮೊದಲ ಕಂಪ್ಯೂಟರುಗಳೇ ಅದಕ್ಕಾಗಿ ಕಾದು ಕೂತಿದ್ದವು. ಆ ದಾರಿ ತೆರೆದವರು ಫ್ರೆಡ್ಡಿ ವಿಲಿಯಮ್ಸ್.

ವಿಲಿಯಮ್ಸ್ ಹುಟ್ಟಿದ್ದು 1911ರ ಜೂನ್ 26ರಂದು, ಇಂಗ್ಲೆಂಡಿನ ಚೆಷೈರ್‌ನಲ್ಲಿ ಆಗ ಇದ್ದ ರೊಮೈಲಿಯಲ್ಲಿ. ಮ್ಯಾಂಚೆಸ್ಟರ್‌ನಲ್ಲಿ ಎಂಜಿನಿಯರಿಂಗ್ ಓದಿ, ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಸರ್ಕ್ಯೂಟುಗಳ ಮೇಲೆ ಕೆಲಸ ಮಾಡಿ ದೊಡ್ಡ ಹೆಸರು ಗಳಿಸಿದರು.

ಯುದ್ಧ ಮುಗಿಯುವ ಹೊತ್ತಿಗೆ ಪ್ರೋಗ್ರಾಮನ್ನೂ ಮೆಮೊರಿಯಲ್ಲೇ ಇಡಬೇಕು ಅನ್ನೋ ಐಡಿಯಾ ಸಿದ್ಧವಿತ್ತು. ಆದರೆ ಮೆಮೊರಿ ಎಲ್ಲಿತ್ತು? ಕೇಂಬ್ರಿಡ್ಜ್‌ನಂಥ ಕಡೆ ಪಾದರಸ ತುಂಬಿದ ಕೊಳವೆಯಲ್ಲಿ ಶಬ್ದದ ಅಲೆಗಳನ್ನು ಸುತ್ತಿಸುವ ದಾರಿ ಹಿಡಿದಿದ್ದರು. ಅದರಲ್ಲಿ ಬೇಕಾದ ಬಿಟ್ ಸಿಗಬೇಕಂದ್ರೆ, ಬಸ್‌ಸ್ಟಾಪಿನಲ್ಲಿ ನಿಂತ ಹಾಗೆ, ಅದು ಸುತ್ತಿ ಬರುವವರೆಗೆ ಕಾಯಬೇಕಿತ್ತು.

ವಿಲಿಯಮ್ಸ್ ಕೈ ಹಾಕಿದ್ದು ರೇಡಾರಿನ ಕ್ಯಾಥೋಡ್ ರೇ ಟ್ಯೂಬಿಗೆ. ಎಲೆಕ್ಟ್ರಾನ್ ಕಿರಣ ಬಿದ್ದ ಜಾಗದಲ್ಲಿ ಸ್ವಲ್ಪ ಚಾರ್ಜ್ ಉಳಿಯುತ್ತೆ. ಕಿರಣವನ್ನು ಯಾವ ಚುಕ್ಕೆಗೆ ಬೇಕಾದರೂ ನೇರ ತಿರುಗಿಸಬಹುದು, ಅಂದ್ರೆ ರ‍್ಯಾಂಡಮ್ ಆಕ್ಸೆಸ್! ತೊಂದರೆ ಒಂದೇ: ಚಾರ್ಜ್ ಅರೆ ಸೆಕೆಂಡೂ ನಿಲ್ಲದೆ ಸೋರಿಹೋಗುತ್ತಿತ್ತು. ವಿಲಿಯಮ್ಸ್ ಸೋರಿಕೆ ನಿಲ್ಲಿಸೋಕೆ ಹೋಗಲಿಲ್ಲ. ಅಳಿಸಿಹೋಗುವ ಮೊದಲೇ ಓದು, ತಕ್ಷಣ ಮತ್ತೆ ಬರೆ, ಹೀಗೇ ಬರೀತಾ ಇರು ಅನ್ನೋದು ಅವರ ಉಪಾಯ. ಇವತ್ತಿನ ಡಿರ‍್ಯಾಮ್ ಕೆಪಾಸಿಟರ್ ಕೂಡ ಸೋರುತ್ತೆ. ಡಿಡಿಆರ್4ರಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ರಿಫ್ರೆಶ್ ಮಾಡೋದು ಇದೇ ಕಾರಣಕ್ಕೆ.

1946ರ ಕೊನೆಗೆ ಅವರು ಮ್ಯಾಂಚೆಸ್ಟರ್‌ಗೆ ಪ್ರೊಫೆಸರ್ ಆಗಿ ಬಂದರು. ಜೊತೆಗೆ ಟಾಮ್ ಕಿಲ್ಬರ್ನ್ ಬಂದರು. 1947 ಮುಗಿಯುವಷ್ಟರಲ್ಲಿ ಒಂದು ಟ್ಯೂಬಿನಲ್ಲಿ 2,048 ಬಿಟ್ ನಿಂತವು. ಆದರೆ ಕಂಪ್ಯೂಟರಿನ ವೇಗದಲ್ಲಿ ಓದಿ ಬರೆದರೆ ಇದು ತಡೆದುಕೊಳ್ಳುತ್ತಾ? ಪರೀಕ್ಷೆ ಮಾಡೋಕೆ ಅಂತಲೇ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿದರು. ಅದೇ 'ಬೇಬಿ'. ಅದರ ಮುಖ್ಯ ಮೆಮೊರಿ 1,024 ಬಿಟ್, ಅಂದ್ರೆ 128 ಬೈಟ್. ಒಂದು ಎಸ್ಸೆಮ್ಮೆಸ್ಸಿಗೂ ಸಾಲದು!

ಮೊದಮೊದಲು ಪರದೆ ಮೇಲೆ ಚುಕ್ಕೆಗಳು ಹುಚ್ಚೆದ್ದು ಕುಣಿದವೇ ಹೊರತು ಉತ್ತರ ಬರಲಿಲ್ಲ. 1948ರ ಜೂನ್ 21ರಂದು ಬಂತು. 17 ಸಾಲಿನ ಪ್ರೋಗ್ರಾಮ್ 52 ನಿಮಿಷ ಓಡಿ, 2,62,144ಕ್ಕೆ ಅದೇ ಸಂಖ್ಯೆಯನ್ನು ಬಿಟ್ಟರೆ ಅತಿದೊಡ್ಡ ಅಪವರ್ತನ 1,31,072 ಅಂತ ತೋರಿಸಿತು. ಮೆಮೊರಿಯಲ್ಲೇ ಇಟ್ಟ ಪ್ರೋಗ್ರಾಮನ್ನು ಎಲೆಕ್ಟ್ರಾನಿಕ್ ಕಂಪ್ಯೂಟರೊಂದು ನಡೆಸಿದ್ದು ಅದೇ ಮೊದಲು.

ಐಬಿಎಂ 701 ಕೂಡ ವಿಲಿಯಮ್ಸ್ ಟ್ಯೂಬನ್ನೇ ಬಳಸಿತು. ಕೆಲವೇ ವರ್ಷಗಳಲ್ಲಿ ಇನ್ನೂ ವೇಗದ, ಹೆಚ್ಚು ನಂಬಿಕಸ್ಥ ಕೋರ್ ಮೆಮೊರಿ ಬಂದು ಅದನ್ನು ಮೂಲೆಗೆ ತಳ್ಳಿತು. ಅಷ್ಟರಲ್ಲಿ ವಿಲಿಯಮ್ಸ್ ಕಂಪ್ಯೂಟರಿನ ಕೆಲಸ ಕಿಲ್ಬರ್ನ್‌ಗೆ ಬಿಟ್ಟು ಎಲೆಕ್ಟ್ರಿಕ್ ಮೋಟಾರುಗಳತ್ತ ಹೊರಳಿದ್ದರು. 1976ರಲ್ಲಿ 'ಸರ್' ಪದವಿ ಬಂತು. 1977ರ ಆಗಸ್ಟ್ 11ರಂದು ತೀರಿಕೊಂಡರು.

ಲ್ಯಾಬಿನ ಮೂಲೆಯಲ್ಲಿ ಹಳೇ ಸಿಆರ್‌ಓ ಇದ್ದರೆ ಒಮ್ಮೆ ಅದರ ಪರದೆ ನೋಡಿ. ಜಗತ್ತಿನ ಮೊದಲ ರ‍್ಯಾಮ್ ಇದ್ದದ್ದು ಅಂಥದ್ದೇ ಒಂದು ಟ್ಯೂಬಿನಲ್ಲಿ.