ಒಂದು ವಕ್ರರೇಖೆ, ಎರಡು ಗುಂಪು: ಕಾರ್ಲ್ ಪಿಯರ್ಸನ್

ಸಂಖ್ಯಾಶಾಸ್ತ್ರದ ಘಟಕವನ್ನು ಬೋಧಿಸುವಾಗ ನಾವು ಬಳಸುವ ಹಿಸ್ಟೋಗ್ರಾಂ, ಮಾನಕ ವಿಚಲನೆ ಎಂಬ ಎರಡೂ ಪರಿಕಲ್ಪನೆಗಳಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವರು ಕಾರ್ಲ್ ಪಿಯರ್ಸನ್. ಅವರು 1857ರ ಮಾರ್ಚ್ 27ರಂದು ಲಂಡನ್ನಿನ ವಕೀಲರೊಬ್ಬರ ಮನೆಯಲ್ಲಿ ಜನಿಸಿದರು. 1879ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಪಡೆದರು. 1884ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅನ್ವಯಿಕ ಗಣಿತದ ಪ್ರಾಧ್ಯಾಪಕರಾದರು. 1891ರಿಂದ ಗ್ರೆಶಾಮ್ ಕಾಲೇಜಿನಲ್ಲಿ ಸಾರ್ವಜನಿಕರಿಗೂ ಉಪನ್ಯಾಸ ನೀಡುತ್ತ, ಅಂಕಿಅಂಶಗಳನ್ನು ಚಿತ್ರಗಳ ಮೂಲಕ ತೋರಿಸುವ ಬಗೆಯನ್ನು ವಿವರಿಸಿದರು.

ಆ ದಿನಗಳಲ್ಲೇ ಸಹೋದ್ಯೋಗಿ, ಪ್ರಾಣಿಶಾಸ್ತ್ರಜ್ಞ ವೆಲ್ಡನ್ ಒಂದು ಒಗಟನ್ನು ಅವರ ಮುಂದಿಟ್ಟರು. ವೆಲ್ಡನ್ ನೇಪಲ್ಸ್‌ನ 1000 ಹೆಣ್ಣು ಏಡಿಗಳನ್ನು ಅಳೆದಿದ್ದರು. ಉಳಿದ ಅಂಗಗಳ ಅಳತೆಗಳು ಗಂಟೆಯಾಕಾರದ ವಕ್ರರೇಖೆಗೆ ಹೊಂದುತ್ತಿದ್ದವು. ಹಣೆಯ ಅಗಲ ಮಾತ್ರ ಒಂದು ಬದಿಗೆ ವಾಲಿತ್ತು. ಇದು ಎರಡು ಗುಂಪುಗಳ ಮಿಶ್ರಣವಿರಬಹುದೇ? ಒಂದರ ಮೇಲೊಂದು ಬಿದ್ದ ಎರಡು ಗಂಟೆಯಾಕಾರಗಳಾಗಿ ಆ ವಕ್ರರೇಖೆಯನ್ನು ಬಿಡಿಸಲು ಪಿಯರ್ಸನ್ ಒಂಬತ್ತನೆಯ ಘಾತದ ಸಮೀಕರಣವನ್ನು ಬಿಡಿಸಬೇಕಾಯಿತು. ಗಣಕಯಂತ್ರವಿಲ್ಲದ ಕಾಲದಲ್ಲಿ ಆ ಲೆಕ್ಕ ಮುಗಿಸಿ, 1894ರಲ್ಲಿ ಪ್ರಕಟಿಸಿದರು.

1901ರಲ್ಲಿ ವೆಲ್ಡನ್ ಮತ್ತು ಗಾಲ್ಟನ್ ಜೊತೆಗೂಡಿ ಬಯೊಮೆಟ್ರಿಕಾ ಪತ್ರಿಕೆಯನ್ನು ಆರಂಭಿಸಿದರು. ಕೇಂಬ್ರಿಜ್‌ನಲ್ಲಿ ಓದಿದ ಪಿ. ಸಿ. ಮಹಲನೋಬಿಸ್ ಭಾರತಕ್ಕೆ ಮರಳುವಾಗ ಅದರ ಸಂಪುಟಗಳನ್ನು ಕೊಂಡು ತಂದರು. ನಮ್ಮ ದೇಶದ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಅವರೇ.

ಪಿಯರ್ಸನ್ ಬದುಕಿಗೆ ಇನ್ನೊಂದು ಮುಖವೂ ಇದೆ. 1911ರಲ್ಲಿ ಅವರು ಸುಜನನಶಾಸ್ತ್ರ ಪೀಠದ ಪ್ರಾಧ್ಯಾಪಕರಾದರು. ಮನುಷ್ಯರಲ್ಲಿ ಮೇಲು ಕೀಳು ಜನಾಂಗಗಳಿವೆ ಎಂದು ನಂಬಿದ್ದರು. ಲಂಡನ್ನಿನ ಯಹೂದಿ ವಲಸಿಗರ ಮಕ್ಕಳನ್ನು ಅಳೆದು, ಸರಾಸರಿಯ ಆಧಾರದ ಮೇಲೆ ಅವರನ್ನು ಕೀಳೆಂದು 1925ರಲ್ಲಿ ಬರೆದರು. ಸರಾಸರಿಗಳು ಬೇರೆಯಾದರೂ ಎರಡು ಗುಂಪುಗಳ ವಕ್ರರೇಖೆಗಳು ಬಹುಮಟ್ಟಿಗೆ ಒಂದನ್ನೊಂದು ಮುಚ್ಚಿಕೊಂಡಿರಬಹುದು. ಆಗ ಗುಂಪಿನ ಹೆಸರಿನಿಂದ ಯಾವ ಮಗುವನ್ನೂ ಅಳೆಯಲಾಗದು. ಏಡಿಗಳಲ್ಲಿ ಅಷ್ಟು ಸೂಕ್ಷ್ಮವಾಗಿ ಕಂಡದ್ದು ಮಕ್ಕಳ ವಿಷಯದಲ್ಲಿ ಅವರಿಗೆ ಕಾಣಲಿಲ್ಲ. ಅವರು 1936ರ ಏಪ್ರಿಲ್ 27ರಂದು ತೀರಿಕೊಂಡರು. 2020ರಲ್ಲಿ ಅದೇ ಕಾಲೇಜು ತನ್ನ ಕಟ್ಟಡದಿಂದ ಅವರ ಹೆಸರನ್ನು ತೆಗೆಯಿತು.

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಈ ಜೀವನದ ಎರಡೂ ಪಾಠಗಳನ್ನು ತರಗತಿಗೆ ಒಯ್ಯಬಹುದು. 'ಎ' ಮತ್ತು 'ಬಿ' ವಿಭಾಗಗಳ ಕಿರುಪರೀಕ್ಷೆಯ ಅಂಕಗಳನ್ನು ಒಂದೇ ವರ್ಗಾಂತರದಲ್ಲಿ ವಿಂಗಡಿಸಿ, ಒಂದೇ ಅಕ್ಷದ ಮೇಲೆ ಎರಡು ಬಣ್ಣಗಳಲ್ಲಿ ಆವೃತ್ತಿ ಬಹುಭುಜಗಳನ್ನು ಬರೆಯಿಸಿ. ವಿಭಾಗಗಳ ಮಕ್ಕಳ ಸಂಖ್ಯೆ ಬೇರೆಯಾಗಿದ್ದರೆ ಆವೃತ್ತಿಯ ಬದಲು ಶೇಕಡಾವಾರು ಬಳಸಿ; ಇಲ್ಲದಿದ್ದರೆ ದೊಡ್ಡ ವಿಭಾಗದ ರೇಖೆಯೇ ಎತ್ತರವಾಗಿ ಕಂಡು ದಾರಿ ತಪ್ಪಿಸುತ್ತದೆ. ಎರಡು ಶಿಖರಗಳು ಕಂಡರೆ ಒಳಗೆ ಎರಡು ಗುಂಪುಗಳಿರಬಹುದೇ ಎಂದು ಕೇಳಿ. ಕೊನೆಗೆ, ಎರಡು ರೇಖೆಗಳೂ ಮುಚ್ಚಿಕೊಂಡ ಭಾಗಕ್ಕೆ ಮಕ್ಕಳಿಂದಲೇ ಬಣ್ಣ ತುಂಬಿಸಿ. ಯಾವ ವಿಭಾಗ ಜಾಣರದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಅವರು ಆ ಭಾಗವನ್ನು ನೋಡಲಿ.