ದೃಷ್ಟಿಯ ಗುಟ್ಟನ್ನು ಅರಸಿದ ಇಬ್ನುಲ್ ಹೈಸಮ್



ಕಣ್ಣಾರೆ ಕಂಡೆ ಎಂದು ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಆ ಒಂದು ಮಾತಿನಿಂದ ಎಷ್ಟೋ ಜನರ ಮಾನ ಹೋಗುತ್ತದೆ, ಎಷ್ಟೋ ಸಂಬಂಧಗಳು ಮುರಿಯುತ್ತವೆ. ಆದರೆ ಕಾಣುವುದು ಎಂದರೇನು? ಈ ಪ್ರಶ್ನೆಯನ್ನು ಏಳು ಸಂಪುಟಗಳಲ್ಲಿ ಬಿಡಿಸಿ ನೋಡಿದ ವಿದ್ವಾಂಸರೊಬ್ಬರ ಜೀವನವನ್ನು ತಿಳಿದುಕೊಳ್ಳಿರಿ.

ಅಬೂ ಅಲೀ ಅಲ್ ಹಸನ್ ಇಬ್ನುಲ್ ಹೈಸಮ್ ಕ್ರಿ.ಶ. 965ರ ಸುಮಾರಿಗೆ ಇರಾಕಿನ ಬಸ್ರಾದಲ್ಲಿ ಜನಿಸಿದರು. ಚರಿತ್ರೆಕಾರ ಇಬ್ನುಲ್ ಕಿಫ್ತೀ ಬರೆದಿರುವ ಪ್ರಕಾರ, ಅವರ ಕೀರ್ತಿಯನ್ನು ಕೇಳಿದ ಈಜಿಪ್ಟಿನ ಫಾತಿಮೀ ದೊರೆ ಅಲ್ ಹಾಕಿಮ್, ನೈಲ್ ನದಿಯ ನೀರನ್ನು ನಿಯಂತ್ರಿಸಲು ಅವರನ್ನು ಕರೆಸಿಕೊಂಡನು. ಅವರು ನದಿಯ ಗುಂಟ ದಕ್ಷಿಣಕ್ಕೆ ಸಾಗಿದರು. ದಾರಿಯುದ್ದಕ್ಕೂ ಪ್ರಾಚೀನರ ಭವ್ಯ ಕಟ್ಟಡಗಳು ಕಂಡವು. ಅಂತಹ ಸಮರ್ಥರೇ ಕೈಹಾಕದ ಕೆಲಸ ತನ್ನಿಂದಾಗದೆಂದು ಅರಿತು, ಅದನ್ನು ದೊರೆಯ ಮುಂದೆ ಒಪ್ಪಿಕೊಂಡರು. ಆದರೆ ದೊರೆಯ ಚಂಚಲ ಸ್ವಭಾವಕ್ಕೆ ಅಂಜಿ ಹುಚ್ಚರಂತೆ ನಟಿಸಿ, 1021ರಲ್ಲಿ ಅವನ ಆಳ್ವಿಕೆ ಮುಗಿಯುವವರೆಗೂ ಗೃಹಬಂಧನದಲ್ಲಿದ್ದರು. ಬಳಿಕ ಅಲ್ ಅಝ್‌ಹರ್ ಮಸೀದಿಯ ಬಳಿ ವಾಸಿಸಿ, ಗಣಿತ ಗ್ರಂಥಗಳನ್ನು ನಕಲು ಮಾಡಿ ಮಾರಿ, ಆ ಹಣದಲ್ಲೇ ಸರಳವಾಗಿ ಬದುಕಿದರು.

ಅವರ ಮೇರುಕೃತಿ ಕಿತಾಬುಲ್ ಮನಾಝಿರ್. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ಯೂಕ್ಲಿಡ್ ಮತ್ತು ಟಾಲೆಮಿ ಬರೆದಿದ್ದರು. ಇಬ್ನುಲ್ ಹೈಸಮ್ ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದಲ್ಲವೇ? ಹಾಗಾದರೆ ಹೊರಗಿನದೇ ಏನೋ ಕಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಮತ್ತು ಬಣ್ಣ ಜೊತೆಯಾಗಿ ಕಣ್ಣಿಗೆ ಬರುತ್ತವೆ ಎಂದು ಅವರು ತೋರಿಸಿದರು. ಹಲವು ದೀಪಗಳನ್ನು ಸಾಲಾಗಿಟ್ಟು, ಅವುಗಳ ಬೆಳಕನ್ನು ಒಂದೇ ರಂಧ್ರದ ಮೂಲಕ ಕತ್ತಲೆ ಕೋಣೆಗೆ ಬಿಟ್ಟರು. ಒಂದು ದೀಪವನ್ನು ಮರೆಮಾಡಿದಾಗ ಗೋಡೆಯ ಮೇಲೆ ಅದರ ಬೆಳಕಷ್ಟೇ ಮಾಯವಾಯಿತು. ಬೆಳಕುಗಳು ಒಂದರೊಡನೊಂದು ಬೆರೆಯದೆ ಸಾಗುತ್ತವೆ ಎಂಬುದು ಇದರಿಂದ ಸಿದ್ಧವಾಯಿತು.

ಬಣ್ಣಬಣ್ಣದ ಪಟ್ಟೆಗಳುಳ್ಳ ಬುಗುರಿಯನ್ನು ತಿರುಗಿಸಿ ನೋಡಿರಿ. ಬಣ್ಣಗಳೆಲ್ಲ ಕಲೆತು ಒಂದೇ ಆಗಿ ತೋರುತ್ತವೆ. ಬಣ್ಣವನ್ನು ಗ್ರಹಿಸಲು ಕೂಡ ಕಾಲ ಬೇಕು ಎಂಬುದಕ್ಕೆ ಅವರು ಇದನ್ನೇ ಪುರಾವೆಯಾಗಿ ಕೊಟ್ಟರು. ಕಣ್ಣು ತಂದುಕೊಟ್ಟದ್ದನ್ನು ನೆನಪಿನೊಂದಿಗೆ ಹೋಲಿಸಿ ತೀರ್ಮಾನಿಸುವುದು ಬುದ್ಧಿ. ಆ ತೀರ್ಮಾನವು ಅವಸರದ್ದಾದರೆ ತಪ್ಪುತ್ತದೆ. ದಿಗಂತದ ಚಂದ್ರ ದೊಡ್ಡದಾಗಿ ಕಾಣುವುದೂ ಅಂತಹ ತಪ್ಪೇ ಎಂದು ಅವರು ವಿವರಿಸಿದರು.

ಅವರ ಎಲ್ಲ ಮಾತುಗಳೂ ಸರಿಯಾಗಿರಲಿಲ್ಲ. ಕಣ್ಣಿನ ಮಸೂರವೇ ದೃಷ್ಟಿಯ ಮೂಲ ಅಂಗವೆಂದು ಅವರು ತಿಳಿದಿದ್ದರು. ಬಿಂಬ ಮೂಡುವುದು ಹಿಂದಿನ ಅಕ್ಷಿಪಟಲದ ಮೇಲೆ ಎಂದು 1604ರಲ್ಲಿ ಕೆಪ್ಲರ್ ವಿವರಿಸಿದನು. ಅಲ್ಲಿರುವ ಮೂರು ಬಗೆಯ ಶಂಕುಕೋಶಗಳ ಸಂಕೇತಗಳನ್ನು ಹೋಲಿಸಿ ಮೆದುಳು ಬಣ್ಣವನ್ನು ಗುರುತಿಸುತ್ತದೆಂದು ಇಂದು ನಮಗೆ ಗೊತ್ತು. ಆದರೆ ಕೆಪ್ಲರನಿಗೆ ದಾರಿ ಮಾಡಿಕೊಟ್ಟದ್ದು ಇದೇ ಗ್ರಂಥ. ಅದರ ಲ್ಯಾಟಿನ್ ಅನುವಾದ 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಗಿತ್ತು.

ಇಬ್ನುಲ್ ಹೈಸಮ್ 1040ರ ಸುಮಾರಿಗೆ ಕೈರೋದಲ್ಲಿ ನಿಧನರಾದರು. ಹಿರಿಯರ ಗ್ರಂಥವನ್ನು ಮಾತ್ರವಲ್ಲ, ತನ್ನ ತೀರ್ಮಾನವನ್ನೂ ಪರೀಕ್ಷೆಗೆ ಒಡ್ಡಬೇಕೆಂಬುದು ಅವರ ನಿಲುವಾಗಿತ್ತು.

ಸಹೋದರ ಸಹೋದರಿಯರೇ, ಕಿವಿ, ಕಣ್ಣು, ಹೃದಯಗಳ ಕುರಿತು ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ. ಅಲ್ಲಾಹನು ಕಣ್ಣಿನೊಂದಿಗೆ ವಿವೇಕವನ್ನೂ ಕೊಟ್ಟಿದ್ದಾನೆ. ದೂರದಿಂದ ಕಂಡ ಅರೆನೋಟವನ್ನು ನೆರೆಯವನ ಮೇಲಿನ ಆರೋಪವಾಗಿ ಮಾಡುವ ಮುನ್ನ ಒಂದು ಕ್ಷಣ ನಿಲ್ಲಿರಿ. ನೀವು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ.