ಒಂದು ಹೇಂಟೆ, ಐವತ್ತೈದು ವರ್ಷ

1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಶೋಧನಾಲಯಕ್ಕೆ ಕೋಳಿ ಸಾಕುವವರೊಬ್ಬರ ಹೇಂಟೆ ಬಂತು. ಪ್ಲಿಮತ್ ರಾಕ್ ಜಾತಿ, ಪಟ್ಟೆ ಪಟ್ಟೆ ಪುಕ್ಕ. ಎದೆಯ ಬಲಗಡೆ ಒಂದು ಗಡ್ಡೆ. ನಮ್ಮ ಕಡೆ ಆಗಿದ್ದರೆ ಅದನ್ನು ಯಾರು ಡಾಕ್ಟರ ಹತ್ತಿರ ಒಯ್ತಿದ್ದರು ಹೇಳಿ! ಆದರೆ ಈ ಕೋಳಿ ಸಿಕ್ಕಿದ್ದು ಪೇಟನ್ ರೌಸ್ ಅವರ ಕೈಗೆ. ಆಗ ಅವರಿಗೆ ಮೂವತ್ತರ ಆಸುಪಾಸು.

ರೌಸ್ ಹುಟ್ಟಿದ್ದು 1879ರ ಅಕ್ಟೋಬರ್ 5ರಂದು, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಹೋದರು. ತಾಯಿಯೇ ಮಕ್ಕಳನ್ನು ಓದಿಸಿದರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದುವಾಗ, ಕ್ಷಯರೋಗಿಯ ಹೆಣ ಕೊಯ್ಯುತ್ತಿದ್ದಾಗ ಮೂಳೆ ತಗಲಿ ಬೆರಳಿಗೆ ಗಾಯವಾಯಿತು. ಅಷ್ಟೇ ಸಾಕಾಯ್ತು, ಕ್ಷಯ ಕಂಕುಳಿನ ಗ್ರಂಥಿಗೆ ಏರಿತು. ಆಪರೇಷನ್ ಆಯಿತು. ಒಂದು ವರ್ಷ ಓದು ಬಿಟ್ಟು ಟೆಕ್ಸಾಸಿನಲ್ಲಿ ದನಗಾಹಿಗಳ ಜೊತೆ ಇದ್ದು, ಗಟ್ಟಿಯಾಗಿ ಮರಳಿದರು. 1905ರಲ್ಲಿ ಎಂ.ಡಿ. ಮುಗಿಯಿತು. ಆದರೆ ರೋಗಿಗಳನ್ನು ನೋಡಿಕೊಳ್ಳುವುದು ತಮ್ಮ ಕೈಲಾಗದು ಅನ್ನಿಸಿ ಪೆಥಾಲಜಿ ಹಿಡಿದರು.

ಈಗ ಕೋಳಿಗೆ ಬರೋಣ. ರೌಸ್ ಆ ಗಡ್ಡೆಯ ಚೂರುಗಳನ್ನು ಅದೇ ತಳಿಯ ಬೇರೆ ಕೋಳಿಗಳ ಮೈಯೊಳಗೆ ಇಟ್ಟರು. ಕೆಲವಕ್ಕೆ ಗಡ್ಡೆ ಬೆಳೆಯಿತು. ಆಮೇಲೆ ಗಡ್ಡೆಯನ್ನು ಮರಳಿನ ಜೊತೆ ಅರೆದು, ಉಪ್ಪುನೀರಿನಲ್ಲಿ ಕಲಸಿ, ಬ್ಯಾಕ್ಟೀರಿಯಾ ಕೂಡ ನುಸುಳದಂಥ ಫಿಲ್ಟರಿನಲ್ಲಿ ಸೋಸಿದರು. ಇಳಿದ ತಿಳಿಯಲ್ಲಿ ಒಂದೇ ಒಂದು ಜೀವಕೋಶವಿಲ್ಲ. ಅದನ್ನು ಚುಚ್ಚಿದರೂ ಕೋಳಿಗೆ ಕ್ಯಾನ್ಸರ್ ಬಂತು! 1911ರಲ್ಲಿ ಇದನ್ನು ಪ್ರಕಟಿಸಿದರು. ಆ ತಿಳಿಯಲ್ಲಿದ್ದದ್ದೇ ಇಂದಿನ ರೌಸ್ ಸಾರ್ಕೋಮಾ ವೈರಸ್.

ಪಂಡಿತರು ಒಪ್ಪಬೇಕಲ್ಲ! ಕ್ಯಾನ್ಸರ್ ಏನು ಅಂಟುಜಾಡ್ಯವೇ ಎಂದರು ಕೆಲವರು. ಫಿಲ್ಟರಿನಲ್ಲೇ ಜೀವಕೋಶ ನುಸುಳಿರಬೇಕು ಎಂದರು ಇನ್ನು ಕೆಲವರು. ಕೋಳಿಯ ಗಡ್ಡೆ ನಿಜವಾದ ಕ್ಯಾನ್ಸರೇ ಅಲ್ಲ ಎಂದವರೂ ಉಂಟು. ಇಲಿಗಳಲ್ಲಿ ಇಂಥದೇ ವೈರಸ್ ಹುಡುಕಿದರು ರೌಸ್, ಸಿಗಲಿಲ್ಲ. ಕಡೆಗೆ 1915ರ ಹೊತ್ತಿಗೆ ಆ ಕೆಲಸವನ್ನೇ ಬದಿಗಿಟ್ಟರು.

ಸುಮ್ಮನೆ ಕೂರುವ ಆಸಾಮಿಯಲ್ಲ. ಮೊದಲ ಮಹಾಯುದ್ಧದ ದಿನಗಳು ಅವು. ಸಿಟ್ರೇಟ್ ಮತ್ತು ಸಕ್ಕರೆ ಬೆರೆಸಿದ ದ್ರಾವಣದಲ್ಲಿ ರಕ್ತವನ್ನು ವಾರಗಟ್ಟಲೆ ಕೆಡದಂತೆ ಇಡಬಹುದೆಂದು ಟರ್ನರ್ ಜೊತೆ ಸೇರಿ ತೋರಿಸಿಕೊಟ್ಟರು. ಆ ದ್ರಾವಣದಿಂದಲೇ 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ರಣರಂಗದ ಹತ್ತಿರ ರಕ್ತ ಶೇಖರಿಸಿಟ್ಟು ಗಾಯಾಳುಗಳಿಗೆ ಕೊಟ್ಟರು. ಇಂದಿನ ಬ್ಲಡ್ ಬ್ಯಾಂಕಿಗೆ ಬುನಾದಿ ಅದು.

1930ರ ದಶಕದಲ್ಲಿ ಗೆಳೆಯ ರಿಚರ್ಡ್ ಶೋಪ್ ಕಾಡುಮೊಲದ ನರುಲಿಗೆ ವೈರಸ್ ಕಾರಣವೆಂದು ಕಂಡುಹಿಡಿದು, ಮುಂದಿನ ಕೆಲಸವನ್ನು ರೌಸರಿಗೇ ಒಪ್ಪಿಸಿದರು. ಸಾಕುಮೊಲಗಳಲ್ಲಿ ಆ ನರುಲಿ ಕ್ಯಾನ್ಸರಿಗೆ ತಿರುಗುವುದನ್ನು ರೌಸ್ ಕಂಡರು. ಹಳೆಯ ಆಸೆ ಮತ್ತೆ ಚಿಗುರಿತು.

ನೊಬೆಲ್‌ಗೆ ಅವರ ಹೆಸರು ಮೊದಲು ಹೋದದ್ದು 1926ರಲ್ಲಿ. ಬಂದದ್ದು 1966ರಲ್ಲಿ, ಚಾರ್ಲ್ಸ್ ಹಗಿನ್ಸ್ ಜೊತೆ ಹಂಚಿಕೊಂಡು. ಅಷ್ಟರಲ್ಲಿ ಅಳಿಯ ಅಲನ್ ಹಾಡ್ಜ್‌ಕಿನ್‌ಗೇ 1963ರಲ್ಲಿ ನೊಬೆಲ್ ಬಂದಾಗಿತ್ತು! ಮಾವನವರಿಗೆ ಆಗ 87 ವರ್ಷ. ಕೋಳಿಯ ಪ್ರಬಂಧ ಬರೆದು ಐವತ್ತೈದು ವರ್ಷ ಕಳೆದಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಹಿತವಾಗಿರುತ್ತಿತ್ತು. ಆದರೆ ಇನ್ನೊಂದು ಮಾತನ್ನು ಮುಚ್ಚಿಡಬಾರದು. ಜೀವಕೋಶದ ಜೀನ್‌ನಲ್ಲಿ ಆಗುವ ಬದಲಾವಣೆಯೇ ಕ್ಯಾನ್ಸರಿಗೆ ಮೂಲ ಎಂಬ ವಾದವನ್ನು ರೌಸ್ ಕೊನೆಯವರೆಗೂ ಒಪ್ಪಲಿಲ್ಲ. ನೊಬೆಲ್ ಭಾಷಣದಲ್ಲೂ ಅದನ್ನು ಖಂಡಿಸಿದರು. 1970ರ ಫೆಬ್ರವರಿ 16ರಂದು ತೀರಿಕೊಂಡರು. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ತಂಡ ರೌಸರ ವೈರಸ್ಸನ್ನೇ ಹಿಡಿದು ಹೊರಟು, ಅದರೊಳಗಿನ ಕ್ಯಾನ್ಸರ್ ಜೀನ್ ಮೂಲತಃ ಕೋಳಿಯ ಆರೋಗ್ಯವಂತ ಜೀವಕೋಶದ್ದೇ ಎಂದು ತೋರಿಸಿತು. ವೈರಸ್ ಎಂದೋ ಅದನ್ನು ಹೊತ್ತೊಯ್ದಿತ್ತು, ದಾರಿಯಲ್ಲಿ ಅದು ಕೆಟ್ಟಿತ್ತು. ಅಂದರೆ ರೌಸ್ ಬೇಡವೆಂದ ವಾದಕ್ಕೆ ಅವರ ಕೋಳಿಯೇ ಸಾಕ್ಷಿ ನುಡಿಯಿತು.

ಇದರಿಂದ ಅವರು ಸಣ್ಣವರಾಗಲಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸಿಗೆ 2006ರಿಂದ ಲಸಿಕೆ ಇದೆ; ವೈರಸ್ಸಿನಿಂದ ಕ್ಯಾನ್ಸರ್ ಎಂದು ನಂಬಿ ದುಡಿದ ಮೊದಲಿಗರಲ್ಲಿ ಒಬ್ಬರು ರೌಸ್. ಅರ್ಧ ಶತಮಾನ ಬೇರೆಯವರ ಅಪನಂಬಿಕೆ ಸಹಿಸಿದವರೂ ಇನ್ನೊಬ್ಬರ ಹೊಸ ಮಾತಿಗೆ ಕಿವಿಗೊಡಲಾರದೆ ಹೋದರು. ಲ್ಯಾಬಿನಲ್ಲಿ ನಮ್ಮ ಪ್ರಯೋಗವೇ ಸರಿ ಎಂದು ಪಕ್ಕದವನ ಜೊತೆ ಜಗಳಕ್ಕೆ ನಿಲ್ಲುವ ಮುಂಚೆ ನಾವೂ ಈ ಎರಡನ್ನೂ ನೆನೆಯೋದು ಒಳ್ಳೇದು.